ಕಾಳಗದ ಕಾಲದ ಕೆರೆ: ಹರಪನಹಳ್ಳಿ ಸೀಮೆಯಿಂದ ಘದಾಮೆಸ್‌ವರೆಗೆ

(ಕೂಡ್ಲಿಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



1747-48ರಲ್ಲಿ ಮಾಯಕೊಂಡದ ಬಯಲಲ್ಲಿ ಒಂದು ದೊಡ್ಡ ಕಾಳಗ ನಡೆಯಿತು. ಒಂದು ಕಡೆ ಚಿತ್ರದುರ್ಗದ ಹಿರಿಯ ಮದಕರಿ ನಾಯಕ. ಅವನ ಎದುರು ಹರಪನಹಳ್ಳಿ, ರಾಯದುರ್ಗ, ಬಿದನೂರು, ಸವಣೂರುಗಳ ಕೂಡುದಂಡು. ಮದಕರಿ ಆ ದಿನ ರಣದಲ್ಲೇ ಮಡಿದ. ಹರಪನಹಳ್ಳಿಯ ಸೋಮಶೇಖರ ನಾಯಕನ ಕೈಯಲ್ಲಿ ಸತ್ತನೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಶಾಲೆಯ ಪುಸ್ತಕದಲ್ಲಿ ಇದು ಎರಡು ಸಂಸ್ಥಾನಗಳ ಯುದ್ಧವಾಗಿ ಮುಗಿಯುತ್ತದೆ. ಆದರೆ ಹೊಡೆದಾಡಿದವರು ಯಾರೆಂದು ಒಮ್ಮೆ ನಿಂತು ನೋಡಬೇಕು. ಚಿತ್ರದುರ್ಗ, ಹರಪನಹಳ್ಳಿ ಎರಡೂ ಬೇಡ ನಾಯಕರ ಮನೆತನಗಳು. ಹರಪನಹಳ್ಳಿಯ ಮೂಲಪುರುಷ ದಾದಯ್ಯ ಚಿತ್ರದುರ್ಗದ ಮನೆಯ ಹೆಣ್ಣು ತಂದವನೆಂಬುದು ಆ ವಂಶದ ಕಥೆಯಲ್ಲೇ ಇದೆ. ಎರಡೂ ಕಡೆಯ ಆಳುಗಳು ಆಡುತ್ತಿದ್ದ ಮಾತು ಒಂದು, ಉಣ್ಣುತ್ತಿದ್ದ ಜೋಳ ಒಂದು, ಕಾಲಿಗೆರಗುತ್ತಿದ್ದ ಗುರುಗಳೂ ಬಹುಮಟ್ಟಿಗೆ ಒಬ್ಬರೇ. ಬೀಗರು ಬೀಗರನ್ನು ಕೊಂದ ಯುದ್ಧ ಇದು. ಮುಂದೆ ನಲವತ್ತು ವರ್ಷ ತುಂಬುವುದರೊಳಗೆ ಎರಡೂ ಗಾದಿಗಳು ಮುಗಿದುಹೋದವು. 1779ರಲ್ಲಿ ಹೈದರ್ ಅಲಿ ಚಿತ್ರದುರ್ಗವನ್ನು ಹಿಡಿದ. 1787ರ ಹೊತ್ತಿಗೆ ಟಿಪ್ಪು, ಮರಾಠರ ವಿರುದ್ಧ ತನ್ನ ದಂಡಿನಲ್ಲೇ ದುಡಿದಿದ್ದ ಹರಪನಹಳ್ಳಿ ಮತ್ತು ರಾಯದುರ್ಗದ ನಾಯಕರನ್ನು ಸೆರೆಹಿಡಿದು ಬೆಂಗಳೂರಿಗೆ ಸಾಗಿಸಿದ. ಗಾದಿ ಹೋಯಿತು, ಊರು ಹೋಗಲಿಲ್ಲ. ಹರಪನಹಳ್ಳಿ ಇವತ್ತಿಗೂ ಸಂತೆ ಕೂಡುವ, ತೇರು ಎಳೆಯುವ, ಕೋರ್ಟು ಕಚೇರಿ ಇರುವ ಪಟ್ಟಣ. ಮಳೆ ನೆಚ್ಚಿ ಬದುಕುವ ಬರಡು ಸೀಮೆಯ ಒಂದು ಊರು, ತನ್ನವರೇ ತನ್ನವರೊಡನೆ ಇನ್ನೂರು ವರ್ಷ ಬಡಿದಾಡಿದ ಮೇಲೂ, ಯಾವ ಬಲದಿಂದ ಉಳಿಯುತ್ತದೆ? ಇವತ್ತು ನಾನು ಕೇಳಿಕೊಂಡಿರುವುದು ಇದೊಂದನ್ನೇ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಊರನ್ನು ಕೋಟೆ ಕಾಯುವುದು ಸ್ವಲ್ಪವೇ. ಹೊಡೆದಾಡುವ ಬಣಗಳ ಕೈಗೆ ಪೂರ್ತಿ ಸಿಗದ ಕೆಲವು ಸಂಗತಿಗಳು ಅದನ್ನು ಕಾಯುತ್ತವೆ: ಹಂಚಿಕೊಳ್ಳುವ ನೀರು, ಎಲ್ಲರೂ ಬರುವ ಸಂತೆ, ಗಡಿ ದಾಟಿ ನಡೆಯುವ ಭಕ್ತಿ. ಇವುಗಳ ಲೆಕ್ಕ ಇಡುವವನು ಕತ್ತಿ ಹಿಡಿದವನಾಗಿರಬಾರದು. ಆ ಲೆಕ್ಕ ಬೇರೆಯವರ ಕೈಯಲ್ಲಿ ಇರುವಷ್ಟು ಕಾಲ ಊರು ಅರಸನಿಲ್ಲದೆಯೂ ಬದುಕುತ್ತದೆ. ಅದು ಗಾದಿಯ ಕೈಗೆ ಸೇರಿತೋ, ಗಾದಿ ಬಿದ್ದ ದಿನವೇ ಊರೂ ಬೀಳುತ್ತದೆ. ಇದನ್ನು ಇಲ್ಲಿನ ಸಾಕ್ಷ್ಯದಿಂದ ತೋರಿಸಲು ಯತ್ನಿಸುತ್ತೇನೆ. ನಡುವೆ ಸಹಾರಾ ಮರಳುಗಾಡಿನ ಎರಡು ಊರುಗಳನ್ನು ಎದುರಿಗಿಟ್ಟು ನೋಡುತ್ತೇನೆ. ದೂರದ ಆ ಊರುಗಳು ಯಾಕೆ ಬೇಕೆಂದರೆ, ನಮ್ಮಲ್ಲಿ ಇನ್ನೂರು ವರ್ಷದ ಹಿಂದೆ ಮುಗಿದ ಒಂದು ಪ್ರಶ್ನೆ ಅಲ್ಲಿ ಇನ್ನೂ ರಕ್ತ ಹರಿಸುತ್ತಿದೆ.

ಮೊದಲು ಸಾಯಬಲ್ಲ ಊರಿನ ಮಾತು. ಅಂಥದ್ದು ನಮ್ಮ ಜಿಲ್ಲೆಯಲ್ಲೇ ಇದೆ: ಹಂಪಿ, ವಿಜಯನಗರದ ಅರಸರ ರಾಜಧಾನಿ. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಕಾಳಗದಲ್ಲಿ ರಾಮರಾಯ ಸತ್ತ ಬೆನ್ನಲ್ಲೇ ಅವನ ತಮ್ಮ ತಿರುಮಲ, ಹೆಸರಿಗೆ ಮಾತ್ರ ಅರಸನಾಗಿದ್ದ ಸದಾಶಿವನನ್ನೂ ಬೊಕ್ಕಸವನ್ನೂ ಆನೆಗಳ ಮೇಲೆ ಹೇರಿಕೊಂಡು ಪೆನುಗೊಂಡೆಯ ದಾರಿ ಹಿಡಿದ. ಗೆದ್ದ ಸುಲ್ತಾನರ ದಂಡು ಪಟ್ಟಣಕ್ಕೆ ಬಂದದ್ದು ಆಮೇಲೆ. ಅದಕ್ಕೆ ಮುಂಚೆಯೇ ಸುತ್ತಲಿನ ಕಾಡುಮೇಡುಗಳ ಜನ ಕಾವಲಿಲ್ಲದ ಪಟ್ಟಣಕ್ಕೆ ನುಗ್ಗಿ ದೋಚಿದರೆಂದು ರಾಬರ್ಟ್ ಸೂವೆಲ್ 1900ರಲ್ಲಿ ಬರೆದ ಪುಸ್ತಕದಲ್ಲಿ ಹೇಳುತ್ತಾನೆ. ವಸಾಹತು ಅಧಿಕಾರಿಯೊಬ್ಬ ಲಂಬಾಣಿ, ಕುರುಬರಂಥ ಜನರ ಮೇಲೆ ಹೊರಿಸಿದ ಆರೋಪವನ್ನು ಹಾಗೆಯೇ ನುಂಗಬೇಕಾಗಿಲ್ಲ. ಆದರೂ ಆ ಮಾತಿನೊಳಗೆ ಒಂದು ಸತ್ಯ ಇಣುಕುತ್ತದೆ. ಪಟ್ಟಣದ ಸಿರಿ ಸುತ್ತಲಿನ ಜನಕ್ಕೆ ತಮ್ಮದೆನ್ನಿಸಿರಲಿಲ್ಲ, ಅದು ಅರಮನೆಯದಾಗಿತ್ತು. ಅರಮನೆಯೊಳಗಿನ ಬಿರುಕೂ ಹೊಸದಲ್ಲ. 1542ರಲ್ಲಿ ಅಚ್ಯುತರಾಯ ತೀರಿಕೊಂಡ ಮೇಲೆ ಸಲಕರಾಜು ತಿರುಮಲ ಗಾದಿಗಾಗಿ ಅರಮನೆಯವರನ್ನೇ ಕೊಲ್ಲಿಸಿದ್ದು, ಅವನನ್ನು ಕೊಂದು ರಾಮರಾಯ ಸದಾಶಿವನನ್ನು ಕೂರಿಸಿ ತಾನೇ ಆಳಿದ್ದು, ಇವೆಲ್ಲ ಒಳಗಿನವರ ಕಾಳಗವೇ. ಗಾದಿಗೆ ಕಟ್ಟಿಕೊಂಡಿದ್ದ ಪಟ್ಟಣ ಗಾದಿ ಎದ್ದು ನಡೆದ ಮೇಲೆ ಉಳಿಯಲಿಲ್ಲ.

ಆದರೆ ಅದೇ ಪಟ್ಟಣದ ಹೊಟ್ಟೆಯೊಳಗೆ ಸಾಯದೆ ಉಳಿದದ್ದೂ ಒಂದಿದೆ. ಹಂಪಿಯ ಬಂಡೆಗಳ ನಡುವೆ ಹರಿಯುವ ತುರ್ತಾ ಕಾಲುವೆ, ಹೊಸಪೇಟೆಯ ಕಡೆ ಹರಿಯುವ ಬಸವಣ್ಣ ಕಾಲುವೆ, ರಾಯ ಕಾಲುವೆ, ಇವು ಇವತ್ತಿಗೂ ಬಾಳೆಗೂ ಭತ್ತಕ್ಕೂ ನೀರುಣಿಸುತ್ತಿವೆ. ಮಹಾನವಮಿ ದಿಬ್ಬದ ಮೇಲೆ ಹುಲ್ಲು ಬೆಳೆದ ನಾನೂರೈವತ್ತು ವರ್ಷ, ಕಾಲುವೆಯ ಹೂಳು ಯಾರೋ ಎತ್ತುತ್ತಲೇ ಬಂದಿದ್ದಾರೆ. ಕಮಲಾಪುರ, ಆನೆಗೊಂದಿ, ಹೊಸಪೇಟೆಯ ರೈತರಿಗೆ ಆ ನೀರು ಬೇಕಿತ್ತು. ಯಾವ ಸರದಿಯಲ್ಲಿ ಯಾರ ಗದ್ದೆಗೆ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ಸಾಮ್ರಾಜ್ಯದ ಚರಿತ್ರೆಯನ್ನು ಕಲ್ಲಿನಲ್ಲಿ ಹುಡುಕುವ ನಾವು ಈ ಕಾಲುವೆಗಳನ್ನು ಪ್ರವಾಸಿಗರಿಗೆ ದಾರಿ ತಪ್ಪಿಸುವ ಹಳ್ಳಗಳೆಂಬಂತೆ ದಾಟಿ ಹೋಗುತ್ತೇವೆ. ನನಗೆ ಇದು ನೋವಿನ ಸಂಗತಿ. ಹಂಪಿಯಲ್ಲಿ ಹಾಳಾಗದೆ ಉಳಿದ ದೊಡ್ಡ ಕಟ್ಟಡಗಳಲ್ಲಿ ಅದರ ನೀರಿನ ವ್ಯವಸ್ಥೆಯೂ ಒಂದು.

1565ರ ನಂತರ ತುಂಗಭದ್ರೆಯ ತೆಂಕಣದ ಈ ನಾಡು ಪಾಳೆಯಪಟ್ಟುಗಳಾಗಿ ಒಡೆಯಿತು. ಹರಪನಹಳ್ಳಿ ಅವುಗಳಲ್ಲಿ ದೊಡ್ಡದೊಂದು. ನಮ್ಮ ಕೂಡ್ಲಿಗಿ ಸೀಮೆಯಲ್ಲಿ ಗುಡೇಕೋಟೆ, ಜರಿಮಲೆಗಳು. ದಾದಯ್ಯ ಮೊದಲಿಗೆ ತಳವಾರಿಕೆಯ ಆಳು. ಬಾಗಳಿ, ನೀಲಗುಂದಗಳನ್ನು ಹಿಡಿದು, ಕಾಡು ಕಡಿಸಿ, ಹರಪನಹಳ್ಳಿ ಕಟ್ಟಿದನೆಂದು ಬಳ್ಳಾರಿ ಜಿಲ್ಲೆಯ ಹಳೆಯ ಗೆಜೆಟಿಯರ್ ಹೇಳುತ್ತದೆ. ಇಲ್ಲಿ ಬಾಗಳಿಯ ಹೆಸರು ಬಂದದ್ದನ್ನು ಗಮನಿಸಬೇಕು. ಬಾಗಳಿಯ ಕಲ್ಲೇಶ್ವರ ಗುಡಿ ಹತ್ತನೆಯ ಶತಮಾನದ್ದು. ಶಾಸನಗಳಿಂದ ತುಂಬಿದ ಊರು ಅದು. ನೀಲಗುಂದದ ಭೀಮೇಶ್ವರ, ಅಂಬಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ಹಿರೇಹಡಗಲಿಯ ಕಲ್ಲೇಶ್ವರ, ಇವೆಲ್ಲ ಚಾಲುಕ್ಯರ ಕಾಲದ ಗುಡಿಗಳು. ಕೋಗಳಿ ಒಂದು ನಾಡಿನ ತಲೆಯೂರಾಗಿ ‘ಕೋಗಳಿ ಐನೂರು’ ಎಂದು ಶಾಸನಗಳಲ್ಲಿ ಬರುತ್ತದೆ. ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟ ನಮ್ಮನ್ನು ಇನ್ನೂ ಹಿಂದೆ, ನಾಲ್ಕನೆಯ ಶತಮಾನದ ಆಸುಪಾಸಿಗೆ ಒಯ್ಯುತ್ತದೆ. ನಾಯಕರು ಬರುವ ಹೊತ್ತಿಗೆ ಈ ನೆಲ ಸಾವಿರ ವರ್ಷ ಉಳುಮೆ ಕಂಡಿತ್ತು, ಕೆರೆಯ ನೀರು ಹಂಚುವುದನ್ನು ಕಲಿತಿತ್ತು. ನಾಯಕ ಹಿಡಿದದ್ದು ಬರಿಯ ಕಾಡನ್ನಲ್ಲ. ಆಗಲೇ ನಡೆಯುತ್ತಿದ್ದ ಒಂದು ಬದುಕಿನ ಮೇಲೆ ಅವನು ಬಂದು ಕೂತ.

ಆ ಬದುಕು ಎಂಥದು? ವರ್ಷಕ್ಕೆ ಐನೂರರಿಂದ ಆರುನೂರೈವತ್ತು ಮಿಲಿಮೀಟರ್ ಮಳೆ. ಅದೂ ಎರಡು ವರ್ಷ ಬಂದರೆ ಒಂದು ವರ್ಷ ಕೈಕೊಡುವುದು. ಮಸಾರಿ ನೆಲದಲ್ಲಿ ಸಜ್ಜೆ, ನವಣೆ, ಎರೆಯಲ್ಲಿ ಜೋಳ. ಕೆರೆಯ ಕೆಳಗಿನ ಅಚ್ಚುಕಟ್ಟಿನಲ್ಲಿ ಮಾತ್ರ ಭತ್ತ. ಹೀಗಿರುವಾಗ ಒಂದು ಕೆರೆಯ ಏರಿ ಒಡೆದರೆ ಊರಿಗೆ ಊರೇ ಗುಳೆ ಏಳಬೇಕು. ಆದ್ದರಿಂದ ಏರಿಗೆ ಮಣ್ಣು ಹಾಕುವ, ತೂಬು ನೋಡುವ, ಕೋಡಿ ಕಟ್ಟುವ ಕೆಲಸವನ್ನು ಯಾವ ಅರಸನ ಮರ್ಜಿಗೂ ಬಿಡದೆ ಭೂಮಿಗೇ ಕಟ್ಟಿಹಾಕಿದ್ದರು. ಮುಂದೆ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟು ‘ದತ್ತಮಂಡಲ’ವೆನಿಸಿದ ಸೀಮೆಯ ಉದ್ದಗಲಕ್ಕೂ ಇದ್ದ ‘ದಶಬಂಧ’ದ ಇನಾಮು ಇದೇ: ಕೆರೆಯನ್ನು ಕಟ್ಟಿದವನಿಗೆ ಅಥವಾ ಕಾಪಾಡುವವನಿಗೆ ಅದರ ಕೆಳಗಿನ ನೆಲದಲ್ಲಿ ಒಂದು ಪಾಲು, ಅವನ ಮಕ್ಕಳ ಕಾಲಕ್ಕೂ. ಕನ್ನಡ ನಾಡಿನ ಬೇರೆ ಕಡೆ ಕಟ್ಟುಕೊಡಗೆ ಎನ್ನುವುದೂ ಇದೇ ಬಗೆಯದು. ನೀರುಗಂಟಿಗೆ ಪ್ರತಿ ಕಣದಿಂದ ಇಂತಿಷ್ಟು ಕಾಳು. ಇದರ ಒಳಗುಟ್ಟು ಸರಳ. ನಾಯಕ ಬದಲಾದರೆ ಕಂದಾಯ ಒಯ್ಯುವ ಕೈ ಬದಲಾಗುತ್ತದೆ, ಆದರೆ ದಶಬಂಧದ ಹೊಲ ಹಾಗೆಯೇ ಇರುತ್ತದೆ. ಏರಿಗೆ ಮಣ್ಣು ಬೀಳದಿದ್ದರೆ ಆ ಹೊಲದವನಿಗೇ ಮೊದಲು ನಷ್ಟ. ಚಿತ್ರದುರ್ಗದ ದಂಡು ಬಂದು ಹರಪನಹಳ್ಳಿಯ ಹಳ್ಳಿಯೊಂದನ್ನು ಹಿಡಿದರೂ ಬರುವ ಸುಗ್ಗಿಯಲ್ಲಿ ಅದಕ್ಕೆ ಕಂದಾಯ ಬೇಕು. ಕಂದಾಯ ಬೇಕಾದರೆ ನೀರುಗಂಟಿ ತನ್ನ ಕೆಲಸದಲ್ಲಿರಬೇಕು. ಗೆದ್ದವನು ಸೋತವನ ಕೆರೆಯನ್ನು ಕಾಯಬೇಕಾಗಿ ಬಂದದ್ದು ಔದಾರ್ಯದಿಂದಲ್ಲ, ಗರಜಿನಿಂದ. ಆ ಗರಜನ್ನೇ ಕಾಲಾಂತರದಲ್ಲಿ ಊರು ಕಟ್ಟಳೆಯಾಗಿ ಮಾಡಿಕೊಂಡಿತು.

ಯುದ್ಧಕಾಲದ ಇನ್ನೊಂದು ಸಾಕ್ಷಿ ನೆಲದೊಳಗಿದೆ. ಹಗೇವು ಎಂದರೆ ಈ ಸಭೆಯ ಹಿರಿಯರಿಗೆ ವಿವರಿಸಬೇಕಾಗಿಲ್ಲ, ಮಕ್ಕಳಿಗೆ ಹೇಳಬೇಕು: ನೆಲದಲ್ಲಿ ಆಳದ ಗುಂಡಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣೆಳೆದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಇದು ಬರಕ್ಕೆ ಮಾಡಿಕೊಂಡ ಉಪಾಯವೆಂದು ಹೇಳುವುದು ವಾಡಿಕೆ. ಸರಿಯೇ. ಆದರೆ ಕಣಜ ಮನೆಯೊಳಗೆ ಎದ್ದು ಕಾಣುತ್ತದೆ, ಹಗೇವು ಮೇಲೆ ನಿಂತವನಿಗೂ ಕಾಣದು. ಕುದುರೆ ಮೇಲೆ ಬಂದು ಕುದುರೆ ಮೇಲೆ ಹೋಗುವ ಲೂಟಿಗಾರನಿಗೆ ಅಗೆದು ನೋಡಲು ಹೊತ್ತಿಲ್ಲ. ಹಳ್ಳಿಗಳಲ್ಲಿ ಅಲ್ಲಲ್ಲಿ ಉಳಿದಿರುವ ಕಲ್ಲಿನ ದುಂಡು ಹುಡೇವುಗಳು ಇದೇ ಕಥೆಯ ಇನ್ನೊಂದು ಅರ್ಧ: ದೂಳೆದ್ದದ್ದು ಕಂಡರೆ ಹೆಂಗಸರು ಮಕ್ಕಳು ಅದರೊಳಗೆ. ನಾಯಕನ ಕೋಟೆ ಹತ್ತಾರು ಹರದಾರಿ ದೂರ. ಹಳ್ಳಿ ತನ್ನನ್ನು ತಾನೇ ಕಾದುಕೊಳ್ಳಬೇಕಿತ್ತು, ಕಾದುಕೊಂಡಿತು.

ನೀರಿನ ಮಾತಾಯಿತು, ಇನ್ನು ಸಂತೆ. ದಂಡುಗಳು ನಡೆಯುತ್ತಿದ್ದುದು ಲಂಬಾಣಿಗಳ ಎತ್ತಿನ ಬೆನ್ನ ಮೇಲೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳಲ್ಲಿ ಇಂದು ಇಷ್ಟೊಂದು ತಾಂಡಾಗಳಿರುವುದಕ್ಕೆ ಆ ಚರಿತ್ರೆಯೂ ಒಂದು ಕಾರಣ. ಸಾವಿರಾರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ಮೊಗಲರಿಗೂ ನಿಜಾಮನಿಗೂ ಮರಾಠರಿಗೂ ಮೈಸೂರಿಗೂ ಅವರು ಸರಕು ಮುಟ್ಟಿಸಿದರು. 1800ರಲ್ಲಿ ದಂಗೆಯೆದ್ದ ಧೋಂಡಿಯ ವಾಘನ ಬೆನ್ನು ಹತ್ತಿ ಹರಿಹರದ ಬಳಿ ತುಂಗಭದ್ರೆ ದಾಟಿದ ಕಂಪನಿಯ ಆರ್ಥರ್ ವೆಲ್ಲೆಸ್ಲಿಯ ದಂಡಿಗೂ ಊಟ ಒದಗಿಸಿದವರು ಅವರೇ. ಎಲ್ಲ ಬಣಗಳಿಗೂ ಬೇಕಾದವರಾದ್ದರಿಂದ ಅವರನ್ನು ಮುಟ್ಟುವುದು ಯಾವ ಬಣಕ್ಕೂ ಲಾಭವಾಗಿರಲಿಲ್ಲ. ಕಾಳಗ ನಡೆಯುತ್ತಿರುವ ಸೀಮೆಯಲ್ಲೂ ಉಪ್ಪು ಸಿಗುತ್ತಿತ್ತೆಂದರೆ ಈ ಜನರ ದೆಸೆಯಿಂದ. ಮುಂದೆ ರೈಲು ಬಂದು ಅವರ ಎತ್ತುಗಳ ಕೆಲಸ ಕಸಿದುಕೊಂಡ ಮೇಲೆ ಅದೇ ಜನರನ್ನು ಅನುಮಾನದಿಂದ ನೋಡಿದ್ದು ನಮ್ಮ ನಾಡು ಮಾಡಿದ ದೊಡ್ಡ ಕೃತಘ್ನತೆ.

ಮೂರನೆಯದು ಭಕ್ತಿಯ ನಕ್ಷೆ. ಈ ಸೀಮೆ ಪಂಚಗಣಾಧೀಶರೆಂದು ನಂಬಿರುವ ಐವರಲ್ಲಿ ಕೊಟ್ಟೂರಿನ ಬಸವೇಶ್ವರ, ಕೂಲಹಳ್ಳಿಯ ಮದ್ದಾನೇಶ್ವರ, ಅರಸೀಕೆರೆಯ ಕೋಲಶಾಂತೇಶ್ವರ, ಹರಪನಹಳ್ಳಿಯ ಕೆಂಪೇಶ್ವರ, ಈ ನಾಲ್ವರ ಗದ್ದುಗೆಗಳು ಹರಪನಹಳ್ಳಿ-ಕೊಟ್ಟೂರು ಸೀಮೆಯಲ್ಲಿವೆ. ಐದನೆಯವರಾದ ತಿಪ್ಪೇರುದ್ರಸ್ವಾಮಿಗಳ ಗದ್ದುಗೆ ಇರುವುದು ನಾಯಕನಹಟ್ಟಿಯಲ್ಲಿ, ಚಿತ್ರದುರ್ಗದ ಕಡೆ. ಮಾಯಕೊಂಡದಲ್ಲಿ ಎದುರುಬದುರಾದ ಎರಡು ನಾಡುಗಳನ್ನು ಜನರ ನಂಬಿಕೆ ಒಂದೇ ಕುಟುಂಬವಾಗಿ ಹೊಲಿದಿದೆ. ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿ, ದುಡಿದವರಿಗೆ ದುಡಿದಷ್ಟು ಕೂಲಿ ಕೊಟ್ಟರೆಂಬುದು ಅವರ ಬಗೆಗಿನ ಕಥೆಗಳಲ್ಲೆಲ್ಲ ಮುಖ್ಯವಾದದ್ದು. ಐತಿಹ್ಯವನ್ನು ದಾಖಲೆಯೆಂದು ನಾನು ಮುಂದಿಡುತ್ತಿಲ್ಲ. ಪವಾಡ ಹೇಳಲು ಕೂತ ಜನ ಎಲ್ಲ ಬಿಟ್ಟು ಕೆರೆ ಕೆಲಸದ ಕೂಲಿಯನ್ನು ನೆನಪಿಟ್ಟುಕೊಂಡರು ಎಂಬುದಷ್ಟೇ ನನಗೆ ಸಾಕ್ಷ್ಯ. ಉಜ್ಜಿನಿಯ ಪೀಠದಲ್ಲಿ ಮರುಳಸಿದ್ಧೇಶ್ವರ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುವ ಜಾತ್ರೆಯನ್ನೂ ಹೀಗೆಯೇ ನೋಡಬಹುದು. ಅಲ್ಲಿಗೆ ಜರಿಮಲೆಯ ಪಾಳೆಯಗಾರ ಮನೆತನದ ಎಣ್ಣೆ ಬರಬೇಕೆಂಬುದು ನಡೆದುಬಂದ ಕಟ್ಟಳೆ. ಜರಿಮಲೆಯವರಿಗೆ ಈಗ ದಂಡಿಲ್ಲ, ಕಂದಾಯವಿಲ್ಲ. ಎಣ್ಣೆಯ ಹೊಣೆ ಉಳಿದಿದೆ. ಅಧಿಕಾರ ಅಳಿದು ಕರ್ತವ್ಯ ಉಳಿಯುವುದು ಬರಡು ಸೀಮೆಯ ಊರುಗಳ ಒಂದು ಗುಣ.

ಈಗ ಸಹಾರಾಕ್ಕೆ ಹೋಗೋಣ. ಲಿಬಿಯಾದ ಪಡುವಣ ಅಂಚಿನಲ್ಲಿ, ಅಲ್ಜೀರಿಯಾ ಮತ್ತು ಟುನೀಸಿಯಾದ ಗಡಿಗಳು ಕೂಡುವ ಕಡೆ ಘದಾಮೆಸ್ ಇದೆ. ಹಳೆಯ ಊರು ಮಣ್ಣಿನ ಗೋಡೆಗಳದು; ಬಿಸಿಲು ತಾಗದಂತೆ ಓಣಿಗಳಿಗೆ ಮೇಲ್ಮುಚ್ಚಿಗೆ. 1986ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಊರಿನ ಒಳಗೇ ಎರಡು ಬಣ: ಬನಿ ವಲೀದ್, ಬನಿ ವಜೀತ್. ಏಳು ಕೇರಿಗಳು ಈ ಎರಡು ಬಣಗಳಲ್ಲಿ ಹಂಚಿಹೋಗಿದ್ದವು. 1845-46ರಲ್ಲಿ ಅಲ್ಲಿಗೆ ಹೋಗಿದ್ದ ಜೇಮ್ಸ್ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ಪ್ರವಾಸಿ ಕಂಡು ಬೆರಗಾದದ್ದು ಇದನ್ನೇ: ಒಂದೇ ಗೋಡೆಯೊಳಗಿದ್ದೂ ಒಬ್ಬರ ಓಣಿಗೆ ಇನ್ನೊಬ್ಬರು ಕಾಲಿಡರು, ಎರಡೂ ಬಣದವರು ಕೂಡುವುದು ಸಂತೆಯಂಥ, ಯಾರ ಬಣಕ್ಕೂ ಸೇರದ ಜಾಗದಲ್ಲಿ ಮಾತ್ರ. ಇಷ್ಟು ಹಗೆಯಿದ್ದೂ ಊರು ಹೇಗೆ ನಡೆಯಿತು? ‘ಐನ್ ಅಲ್ ಫರಸ್’ ಎಂಬ ಒಂದೇ ಚಿಲುಮೆಯ ನೀರು ಎಲ್ಲರ ಖರ್ಜೂರದ ತೋಟಕ್ಕೂ ಹೋಗಬೇಕು. ಅದನ್ನು ಹಂಚಲು ಸಂತೆಯ ಬದಿಯಲ್ಲಿ ಒಬ್ಬ ಕೂರುತ್ತಿದ್ದ. ಅವನ ಮುಂದೆ ತಳದಲ್ಲಿ ತೂತಿರುವ ಒಂದು ಪಾತ್ರೆ, ಅದರ ಹೆಸರು ಖಾದೂಸ್. ಅದು ತುಂಬಿ ಬರಿದಾಗುವ ಹೊತ್ತೇ ನೀರಿನ ಅಳತೆ. ಪ್ರತಿ ಸಲ ಬರಿದಾದಾಗ ಗರಿಯ ನಾರಿಗೆ ಒಂದು ಗಂಟು. ನಮ್ಮಲ್ಲಿ ಹಿಂದೆ ಹೊತ್ತು ಅಳೆಯುತ್ತಿದ್ದ ಗಳಿಗೆ ಬಟ್ಟಲನ್ನು ಬಲ್ಲವರಿಗೆ ಇದು ಹೊಸದೆನಿಸದು. ಆ ಪಾತ್ರೆ ಎಲ್ಲರ ಕಣ್ಣ ಮುಂದೆ, ನಡು ಊರಲ್ಲಿ ಇತ್ತೆಂಬುದು ಮುಖ್ಯ. ಹಗೆಯವರೇ ಒಬ್ಬರ ಮೇಲೊಬ್ಬರು ಕಾವಲು. ನಂಬಿಕೆಯ ಮೇಲೆ ನಿಂತ ವ್ಯವಸ್ಥೆ ಅದಲ್ಲ, ಅಪನಂಬಿಕೆಯನ್ನೇ ದುಡಿಸಿಕೊಂಡ ವ್ಯವಸ್ಥೆ.

ಘದಾಮೆಸ್‌ಗೆ ಎದುರಾಗಿ ಸಬ್ಹಾ. ಲಿಬಿಯಾದ ಫೆಜ್ಜಾನ್ ಪ್ರಾಂತದ ಈ ಮುಖ್ಯ ಪಟ್ಟಣ ನಮ್ಮ ಕಾಲದ ಮಟ್ಟಿಗೆ ರಾಜ್ಯಶಕ್ತಿಯೇ ಬೆಳೆಸಿದ ಊರು: ಗುಡ್ಡದ ಮೇಲೆ ಇಟಲಿಯವರ ಕಾಲದ ಕೋಟೆ, ವಿಮಾನ ನಿಲ್ದಾಣ, ದಂಡಿನ ನೆಲೆ. ಮುಂದೆ ಲಿಬಿಯಾವನ್ನು ಆಳಿದ ಗದ್ದಾಫಿ ಓದಿದ್ದು ಇಲ್ಲಿ. 1977ರ ಮಾರ್ಚಿನಲ್ಲಿ ಅವನು ತನ್ನ ‘ಜಮಾಹಿರಿಯಾ’ವನ್ನು, ಎಂದರೆ ‘ಜನರ ರಾಜ್ಯ’ವನ್ನು, ಘೋಷಿಸಿದ್ದೂ ಇಲ್ಲಿಯೇ. 2011ರಲ್ಲಿ ಅವನ ಆಳ್ವಿಕೆ ಕುಸಿದದ್ದೇ ತಡ, ಊರಿನಲ್ಲಿ ಯಾರ ಬಣಕ್ಕೂ ಸೇರದ ಜಾಗ ಒಂದೂ ಉಳಿಯಲಿಲ್ಲ. 2012ರ ಮಾರ್ಚಿನಲ್ಲಿ ತುಬು ಜನರಿಗೂ ಅರಬ್ ಬಣಗಳಿಗೂ ನಡೆದ ಕಾದಾಟದಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. 2014ರಲ್ಲಿ ಮತ್ತೆ, 2016ರಲ್ಲಿ ಮತ್ತೆ, 2018ರಲ್ಲಿ ಆ ಕೋಟೆಯ ಸುತ್ತಲೇ ಮತ್ತೆ. 2019ರ ಆರಂಭದಲ್ಲಿ ಪೂರ್ವ ಲಿಬಿಯಾದ ಸೇನೆ ಬಂದು ಕೂತಿತು. ನೀರಿನ ಕಥೆಯನ್ನೂ ಇಲ್ಲಿ ಹೇಳಬೇಕು. 1984ರಲ್ಲಿ ಆರಂಭವಾದ ‘ಮಹಾ ಮಾನವನಿರ್ಮಿತ ನದಿ’ ಯೋಜನೆಯ ಕೊಳವೆಗಳು ಸಬ್ಹಾದ ಉತ್ತರಕ್ಕಿರುವ ಹಸೌನಾ ಬಾವಿಗಳ ನೀರನ್ನು ನೂರಾರು ಕಿಲೋಮೀಟರ್ ದೂರದ ಟ್ರಿಪೋಲಿಗೆ ಒಯ್ಯುತ್ತವೆ. ಎಂಜಿನಿಯರಿಂಗಿನ ದೃಷ್ಟಿಯಿಂದ ಅದು ಅದ್ಭುತ. ಆದರೆ ಕೊಳವೆಗೆ ಗೇಟು ಇರುತ್ತದೆ. 2017ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ, ಬಂದೂಕು ಹಿಡಿದ ಗುಂಪುಗಳು ತಮ್ಮ ಬೇಡಿಕೆಗಾಗಿ ಆ ನೀರನ್ನು ನಿಲ್ಲಿಸಿ ಇಡೀ ರಾಜಧಾನಿಯನ್ನು ಬಾಯಾರಿಸಿದವು. ಖಾದೂಸ್ ಪಾತ್ರೆಯನ್ನು ಹೀಗೆ ಒಬ್ಬನೇ ಬಂದು ನಿಲ್ಲಿಸಲಾಗುತ್ತಿರಲಿಲ್ಲ. ಏಳು ಕೇರಿಗಳು ನೋಡುತ್ತಿದ್ದವು.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಹಗುರಾಗಿ ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಕೆರೆ ಕಟ್ಟಿಸಿದವರು ನಾಯಕರೇ ಅಲ್ಲವೇ, ಹಾಗಾದರೆ ಊರು ಉಳಿದದ್ದು ಗಾದಿಯ ಪುಣ್ಯದಿಂದಲೇ ಅಲ್ಲವೇ ಎಂದು ಕೇಳಬಹುದು. ಅವರು ಕಟ್ಟಿಸಿದ್ದು ನಿಜ, ಆ ಶ್ರೇಯ ಅವರದೇ. ಬೇಡ ನಾಯಕರನ್ನು ಕೇವಲ ಲೂಟಿಗಾರರೆಂದು ಬರೆದ ಕಂಪನಿ ಅಧಿಕಾರಿಗಳ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಕಟ್ಟುವುದು ಒಂದು ಕೆಲಸ, ಕಟ್ಟಿದ್ದನ್ನು ಎಂಟು ತಲೆಮಾರು ಕಾಯುವುದು ಬೇರೆಯೇ ಕೆಲಸ. ಏರಿ ಒಂದು ಬೇಸಗೆಯಲ್ಲಿ ಏಳಬಹುದು. ಅದರ ಇಲಿಬಿಲ ಮುಚ್ಚುವವನು ಪ್ರತಿ ಮಳೆಗಾಲದಲ್ಲೂ ಬೇಕು. ಚಿತ್ರದುರ್ಗ ಬಿದ್ದ ಮೇಲೆ ಹೈದರ್ ಆ ಸೀಮೆಯ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣದ ಕಡೆಗೆ ಎತ್ತಿ ಒಯ್ದನೆಂದೂ ಹುಡುಗರನ್ನು ತನ್ನ ಚೇಲಾ ಪಡೆಗೆ ಸೇರಿಸಿದನೆಂದೂ ಚರಿತ್ರೆಕಾರರು ಬರೆದಿದ್ದಾರೆ. ಗಾದಿಯನ್ನೂ ಅದನ್ನು ಹೊತ್ತ ಜನವನ್ನೂ ಬೇರುಸಹಿತ ಕಿತ್ತ ಮೇಲೂ ಅಲ್ಲಿನ ಹಳ್ಳಿಗಳು ಬೇಸಾಯ ಬಿಡಲಿಲ್ಲ. ಕಾಯುವ ಕೈಗಳು ಬೇರೆ ಇದ್ದವು ಎನ್ನದೆ ಇದನ್ನು ವಿವರಿಸಲಾಗದು.

ಇನ್ನೊಂದು ಆಕ್ಷೇಪ ಬಲವಾದದ್ದು: ಕಂಪನಿ ಸರ್ಕಾರ ತಂದ ಶಾಂತಿಯೇ ಊರುಗಳನ್ನು ಉಳಿಸಿತು, ಇಲ್ಲದಿದ್ದರೆ ಪಾಳೆಯಗಾರರು ಬಡಿದಾಡಿ ಎಲ್ಲವನ್ನೂ ಮುಗಿಸುತ್ತಿದ್ದರು. 1799ರ ನಂತರದ ಗೊಂದಲ ನೋಡಿದರೆ ಹೀಗೆ ಅನ್ನಿಸುವುದು ಸಹಜ. ಟಿಪ್ಪು ಬಿದ್ದ ಮೇಲಿನ ಹಂಚಿಕೆಯಲ್ಲಿ ಹರಪನಹಳ್ಳಿಯನ್ನು ಪೇಶ್ವೆಗೆಂದು ತೆಗೆದಿಟ್ಟರು, ಪೇಶ್ವೆ ಒಪ್ಪಲಿಲ್ಲ, ನಿಜಾಮನ ಪಾಲಿಗೆ ಹೋಯಿತು, 1800ರ ಅಕ್ಟೋಬರ್ 12ರ ಒಪ್ಪಂದದಲ್ಲಿ ನಿಜಾಮ ಅದನ್ನು ಕಂಪನಿಗೆ ಬಿಟ್ಟುಕೊಟ್ಟ. ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ದತ್ತಮಂಡಲದಲ್ಲಿ 80 ಪಾಳೆಯಗಾರರನ್ನು ಎಣಿಸಿದ, ಅವರನ್ನು ಅಡಗಿಸಿದ. ಅವನ ಕಠೋರತೆ ಅತಿಯಾಯಿತೆಂದು ಲಂಡನ್ನಿನ ಡೈರೆಕ್ಟರುಗಳೇ ಆಕ್ಷೇಪಿಸಿದರು. ಕತ್ತಿಯ ಕಾಳಗ ನಿಂತಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಮುಂದೇನಾಯಿತು? 1858ರಲ್ಲಿ ಮದ್ರಾಸ್ ಸರ್ಕಾರ ಒಂದು ಕಾಯಿದೆ ಮಾಡಿತು: ಕೆರೆ ಕಾಲುವೆಗಳ ವಾಡಿಕೆಯ ದುಡಿಮೆಗೆ ಬಾರದವರನ್ನು ಬಲವಂತದಿಂದ ತರಬೇಕೆಂದು. ಕುಡಿಮರಾಮತ್ ಎಂದು ಹೆಸರಾದ ದುಡಿಮೆ ಅದು. ನೂರಾರು ವರ್ಷ ಅರಸರ ಕಾಳಗಗಳ ನಡುವೆಯೂ ನಡೆದ ಕೆಲಸಕ್ಕೆ, ಶಾಂತಿಯ ಐವತ್ತೆಂಟು ವರ್ಷಗಳ ಬಳಿಕ ಪೊಲೀಸು ಬೇಕಾಯಿತು. ಕಂದಾಯ ನೇರ ಕಚೇರಿಗೆ, ಇನಾಮು ತನಿಖೆಗೆ, ಕೆರೆ ಇಲಾಖೆಗೆ ಹೋದ ಮೇಲೆ ಊರಿಗೆ ತನ್ನ ಕೆರೆಯ ಮೇಲೆ ಹಕ್ಕೂ ಕಡಿಮೆಯಾಯಿತು, ಹೊಣೆಯೂ ಕಡಿಮೆಯಾಯಿತು. 1876-78ರ ಬರ ಬಂದಾಗ ಬಳ್ಳಾರಿ ಸೀಮೆಯ ಜನಸಂಖ್ಯೆ ಸರಿಸುಮಾರು ಐದರಲ್ಲಿ ಒಂದು ಪಾಲು ಕುಸಿಯಿತು. ಮಳೆ ಕೈಕೊಟ್ಟದ್ದು ಮೊದಲ ಕಾರಣ, ಧಾನ್ಯ ಹೊರಗೆ ಸಾಗಿದ್ದೂ ಕಾರಣ. ಕೆರೆಯೊಂದರಿಂದಲೇ ಆ ಸಾವು ತಪ್ಪುತ್ತಿತ್ತೆಂದು ನಾನು ಹೇಳಲಾರೆ. ಆದರೆ ಶಾಂತಿ ತಾನಾಗಿ ಊರನ್ನು ಉಳಿಸುತ್ತದೆ ಎಂಬ ಮಾತಿಗೆ ಆ ಮೂರು ವರ್ಷಗಳೇ ಉತ್ತರ.

ಕೊನೆಯ ಆಕ್ಷೇಪ ನನ್ನನ್ನು ಬಹಳ ಕಾಡಿದೆ. ಎಲ್ಲರಿಗೂ ಸೇರಿದ್ದು ಎಂದು ನಾನು ಹೊಗಳುತ್ತಿರುವ ಈ ನೀರು ನಿಜವಾಗಿ ಎಲ್ಲರದಾಗಿತ್ತೇ? ಆಗಿರಲಿಲ್ಲ. ಏರಿಗೆ ಮಣ್ಣು ಹೊತ್ತ, ತೂಬಿನಲ್ಲಿ ಮುಳುಗಿ ಹೂಳೆತ್ತಿದ ಹೊಲೆಯ ಮಾದಿಗ ಕೇರಿಗಳ ಜನಕ್ಕೆ ಅದೇ ಊರಿನ ಬಾವಿಯಲ್ಲಿ ಕೊಡ ಅದ್ದಲು ಬಿಡಲಿಲ್ಲ. ದುಡಿಮೆಯಲ್ಲಿ ಅವರಿಗೆ ಪಾಲಿತ್ತು, ಸರದಿಯಲ್ಲಿ ಪಾಲಿರಲಿಲ್ಲ. ಘದಾಮೆಸ್‌ನಲ್ಲೂ ಹಾಗೆಯೇ. ಖಾದೂಸ್‌ನ ಲೆಕ್ಕ ಬನಿ ವಲೀದ್ ಮತ್ತು ಬನಿ ವಜೀತ್ ಮನೆಗಳದು. ಊರ ಅಂಚಿನಲ್ಲಿ ನೆಲೆಸಿದ್ದ ತುವಾರೆಗ್ ಜನ ಆ ಹಳೆಯ ಕರಾರಿನ ಹೊರಗಿದ್ದರು. 2011ರ ಯುದ್ಧದಲ್ಲಿ ಅವರ ಮೇಲೆ ಗದ್ದಾಫಿಯ ಕಡೆಯವರೆಂಬ ಹಣೆಪಟ್ಟಿ ಬಿತ್ತು. ಮನೆಗಳಿಗೆ ಬೆಂಕಿ ಬಿತ್ತು. ಕುಟುಂಬಗಳು ದಿರ್ಜ್ ಎಂಬ ಊರಿಗೂ ಅಲ್ಜೀರಿಯಾದ ಗಡಿಯಾಚೆಗೂ ಓಡಿದವು. ತಲೆತಲಾಂತರದ ಎರಡು ಹಗೆಗಳನ್ನು ಒಂದೇ ಊರಿನಲ್ಲಿ ಇರಿಸಿಕೊಂಡ ಕಟ್ಟಳೆ, ತನ್ನ ಲೆಕ್ಕದಲ್ಲಿ ಹೆಸರಿಲ್ಲದವರನ್ನು ಒಂದು ದಿನವೂ ಕಾಯಲಿಲ್ಲ. ಇದರಿಂದ ನನ್ನ ವಾದ ಬೀಳುವುದಿಲ್ಲ, ಅದರ ಎಲ್ಲೆ ತಿಳಿಯುತ್ತದೆ. ಹಂಚಿಕೆಯ ನೀರು ಊರನ್ನು ಉಳಿಸುತ್ತದೆ ಎಂದಾಗ ಊರು ಎಂದರೆ ಯಾರು ಎಂದು ಮೊದಲು ಕೇಳಬೇಕು. ಇನ್ನೂರು ವರ್ಷ ಉಳಿದ ಹರಪನಹಳ್ಳಿಯಲ್ಲಿ ಕೆಲವರು ಉಳಿದದ್ದು ಊರಿನಿಂದಾಗಿ ಅಲ್ಲ, ಊರು ಒಡ್ಡಿದ ಅಡ್ಡಿಗಳ ನಡುವೆಯೂ ಉಳಿದರು.

ಇದೆಲ್ಲ ಹಳೆಯ ಕಥೆಯೆಂದು ಕೈಬಿಡಲು ನಾವು ಕೂತಿರುವ ಈ ತಾಲ್ಲೂಕೇ ಬಿಡುವುದಿಲ್ಲ. ಪಾಳೆಯಗಾರರ ನಂತರವೂ ಈ ನೆಲ ಕೈ ಬದಲಾಯಿಸುತ್ತಲೇ ಇದೆ: ಮದ್ರಾಸಿನಿಂದ 1953ರ ಅಕ್ಟೋಬರಿನಲ್ಲಿ ಮೈಸೂರಿಗೆ, ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, 2021ರಲ್ಲಿ ಎಲ್ಲ ಕೂಡಿ ವಿಜಯನಗರ ಜಿಲ್ಲೆಗೆ. ನೀರುಗಂಟಿ, ತಳವಾರ, ತೋಟಿಗಳ ವಂಶಪಾರಂಪರ್ಯದ ಹುದ್ದೆಗಳು 1961ರ ಕಾಯಿದೆಯೊಂದಿಗೆ ಹೋದವು. ಅದರ ಜೊತೆಗೆ ಬಿಟ್ಟಿದುಡಿಮೆಯೂ ಹೋಯಿತಾದ್ದರಿಂದ ಅದು ಹೋದದ್ದು ನ್ಯಾಯವೇ. ಆದರೆ ಆ ಹುದ್ದೆಯ ಕೆಲಸವನ್ನು ಯಾರು ಮಾಡಬೇಕೆಂದು ಆಗ ಯಾರೂ ಬರೆದಿಡಲಿಲ್ಲ. ಈಚೆಗೆ ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಕೊಳವೆಯಲ್ಲಿ ತಂದು ತುಂಬಿಸುವ ಯೋಜನೆ ಬಂದಿದೆ. ದಶಕಗಳ ಹೋರಾಟದ ಫಲ ಅದು. ಅದನ್ನು ಬೇಡವೆನ್ನುವ ಮಾತು ಈ ಬರಡು ಸೀಮೆಯಲ್ಲಿ ಯಾರ ಬಾಯಿಂದಲೂ ಬರಬಾರದು. ಆದರೆ ಕೊಳವೆಗೆ ಗೇಟು ಇರುತ್ತದೆ, ಮತ್ತು ಗೇಟು ಇರುವುದು ಊರಿನಿಂದ ದೂರ. ಮೊದಲ ಕೆರೆಗೆ ಎಷ್ಟು ದಿನ, ಕಡೆಯ ಕೆರೆಗೆ ಎಷ್ಟು ದಿನ. ಬರದ ವರ್ಷ ಯಾವ ಕೆರೆ ಬಿಟ್ಟುಕೊಡಬೇಕು. ಆ ಲೆಕ್ಕ ಇಂಜಿನಿಯರರ ಕಚೇರಿಯಲ್ಲಿ ಇರುತ್ತದೋ, ಕೆರೆಯ ಕೆಳಗಿನ ಹಳ್ಳಿಗಳವರು ಸೇರಿ ನೋಡುವ ಕಡೆ ಇರುತ್ತದೋ. ಹಿಂದೆ ತೂಬಿನ ಹೂಳೆತ್ತಿದವರ ಕೇರಿಯಿಂದ ಒಬ್ಬರಾದರೂ ಅಲ್ಲಿ ಕೂರುತ್ತಾರೋ. ಈ ಪ್ರಶ್ನೆಗಳನ್ನು ಬರದ ವರ್ಷ ಬಂದ ಮೇಲೆ ಕೇಳಿದರೆ ತಡವಾಗುತ್ತದೆ. ಅದಕ್ಕೆ ಮುಂಚೆಯೇ, ನಮ್ಮ ಪಂಚಾಯಿತಿಗಳ ಸಭೆಗಳಲ್ಲಿ ಹೆಸರು ಹಿಡಿದು ಕೇಳಬೇಕು.